ಚೆಂಡುಹೂವಿನ ಬೀಜ: ಕಾಗಿಣಾ ಸೀಮೆಯ ಹಿತ್ತಲ ಹೂಗಿಡಗಳಲ್ಲಿ ಪರಾಗಸ್ಪರ್ಶ ಮತ್ತು ಬೀಜರಕ್ಷಣೆ

ಜಾನಪದ ಅಧ್ಯಯನದಲ್ಲಿ ಹೂವಿಗೆ ದೊರೆತಿರುವ ಸ್ಥಾನ ದೊಡ್ಡದು. ತೊಟ್ಟಿಲ ಹಾಡಿನಿಂದ ಹಿಡಿದು ಶವಸಂಸ್ಕಾರದವರೆಗೆ ಹೂವಿಲ್ಲದ ಆಚರಣೆ ನಮ್ಮಲ್ಲಿಲ್ಲ. ಹೂವನ್ನು ಸಂಕೇತವಾಗಿ, ಹರಕೆಯಾಗಿ, ಮುತ್ತೈದೆತನದ ಗುರುತಾಗಿ ವಿವೇಚಿಸಿದ ಬರಹಗಳು ಕನ್ನಡದಲ್ಲಿ ಸಾಕಷ್ಟಿವೆ. ಆದರೆ ಈ ವರ್ಷದ ಹಬ್ಬಕ್ಕೆ ಬಂದ ಹೂವು ಮುಂದಿನ ವರ್ಷದ ಹಬ್ಬಕ್ಕೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಕ್ಷೇತ್ರಕಾರ್ಯಗಳು ಅಷ್ಟಾಗಿ ಕೇಳಿಲ್ಲ. ಆ ಪ್ರಶ್ನೆಗೆ ಉತ್ತರ ಬೀಜದಲ್ಲಿದೆ. ಬೀಜದ ಹಿಂದೆ ಪರಾಗಸ್ಪರ್ಶವಿದೆ. ಇವೆರಡರ ನಡುವೆ ಯಾವ ಹೂವನ್ನು ಕೀಳಬೇಕು, ಯಾವುದನ್ನು ಗಿಡದಲ್ಲಿಯೇ ಉಳಿಸಬೇಕು ಎಂದು ನಿರ್ಧರಿಸುವ ಹೆಣ್ಣುಮಗಳ ತಿಳಿವಳಿಕೆಯಿದೆ. ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರವನ್ನು ಮುಂದಿಟ್ಟುಕೊಂಡು ಈ ತಿಳಿವಳಿಕೆಯ ಸ್ವರೂಪವನ್ನು ಸಸ್ಯವಿಜ್ಞಾನದ ಬೆಳಕಿನಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

ಕಾಗಿಣಾ ಮತ್ತು ಅದರ ಉಪನದಿ ಮುಲ್ಲಾಮಾರಿಗಳ ನೀರಿನಾಸರೆಯಲ್ಲಿರುವ ಈ ಸೀಮೆ ತೊಗರಿ, ಜೋಳಗಳ ನಾಡು. ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡವು ಸೇಡಂ ತಾಲ್ಲೂಕಿನಲ್ಲಿದೆ. ಬೌದ್ಧ ನೆಲೆಯಾದ ಸನ್ನತಿಯು ಚಿತ್ತಾಪುರ ಸೀಮೆಯಲ್ಲಿ ಭೀಮಾತೀರದಲ್ಲಿದೆ. ನೆಲದಡಿಯ ಸುಣ್ಣಕಲ್ಲು ಶಹಾಬಾದಿಗೆ ಪರಸಿ ಕಲ್ಲಿನ ಹೆಸರನ್ನೂ, ವಾಡಿ, ಸೇಡಂ, ಮಳಖೇಡಗಳಿಗೆ ಸಿಮೆಂಟ್ ಕಾರ್ಖಾನೆಗಳನ್ನೂ ತಂದಿತು. ಚಿಂಚೋಳಿಯ ಕುರುಚಲು ಕಾಡು ಮತ್ತು ಲಂಬಾಣಿ ತಾಂಡಾಗಳು ಇದೇ ಸೀಮೆಯ ಮತ್ತೊಂದು ಮುಖ. ಮಳೆಯಾಶ್ರಿತವಾದ ಈ ಪ್ರದೇಶದಲ್ಲಿ ಮನೆಯಂಗಳದ ಹೂಗಿಡಗಳು ಬಹುಮಟ್ಟಿಗೆ ಬಚ್ಚಲ ನೀರನ್ನೇ ನಂಬಿ ಬೆಳೆದವು. ಪರಸಿ ಹಾಸಿದ ಅಂಗಳದ ಎರಡು ಕಲ್ಲುಗಳ ಸಂದಿನಲ್ಲಿ, ಬಚ್ಚಲ ಮೋರಿಯ ಬದಿಯಲ್ಲಿ, ಬೇಲಿಯ ಬುಡದಲ್ಲಿ ತಾನಾಗಿ ಹುಟ್ಟಿದ ಗಿಡಗಳೇ ಇಲ್ಲಿನ 'ಉದ್ಯಾನ'. ಯಾರೂ ಬಿತ್ತದೆ ಹುಟ್ಟುವ ಗಿಡ ಎಂದರೆ ಹಿಂದಿನ ವರ್ಷ ಬೀಜ ಉದುರಿಸಿದ ಗಿಡ ಎಂದೇ ಅರ್ಥ.

ಬೀಜದ ಹೂ, ಟೊಂಗೆಯ ಹೂ

ಹಿತ್ತಲ ಹೂಗಳನ್ನು ಬೆಳೆಸುವವರು ಅವುಗಳನ್ನು ಎರಡಾಗಿ ವಿಂಗಡಿಸುತ್ತಾರೆ: ಬೀಜದಿಂದ ಬರುವವು ಮತ್ತು ಟೊಂಗೆ, ಬೇರು, ಗಡ್ಡೆಗಳಿಂದ ಬರುವವು. ಚೆಂಡುಹೂ, ಗುಲಬಾಕ್ಷಿ ಎಂದು ಕರೆಯುವ ಸಂಜೆಮಲ್ಲಿಗೆ, ಕರ್ಣಕುಂಡಲ, ಕೋಳಿಜುಟ್ಟು, ಶಂಖಪುಷ್ಪ ಇವು ಮೊದಲನೆಯ ಗುಂಪಿನವು. ದುಂಡುಮಲ್ಲಿಗೆ, ಕೆಂಪು ದಾಸವಾಳ, ಸೇವಂತಿಗೆ, ಸುಗಂಧರಾಜ, ಸುತ್ತು ದಳದ ನಂದಿಬಟ್ಟಲು ಎರಡನೆಯ ಗುಂಪಿನವು. ಮೇಲುನೋಟಕ್ಕೆ ಇದು ಬೆಳೆಸುವ ವಿಧಾನದ ವಿಂಗಡಣೆ ಮಾತ್ರ. ಆದರೆ ಇದರಲ್ಲಿ ಆಯಾ ಗಿಡದ ಲೈಂಗಿಕ ಜೀವನದ ನಿಖರವಾದ ಅವಲೋಕನ ಅಡಗಿದೆ.

ಹೂವು ಸಸ್ಯದ ಸಂತಾನಾಂಗ. ಕೇಸರದ ತುದಿಯ ಪರಾಗಕೋಶದಿಂದ ಹೊರಟ ಪರಾಗವು ಶಲಾಕಾಗ್ರವನ್ನು ಸೇರಿ, ಅಲ್ಲಿ ಮೊಳೆತು, ಅಂಡಾಶಯದೊಳಗಿನ ಅಂಡಕವನ್ನು ಮುಟ್ಟಿದಾಗ ಬೀಜ ಕಟ್ಟುತ್ತದೆ. ಮನುಷ್ಯ ಹೂವಿನಲ್ಲಿ ಬಯಸಿದ್ದು ದಳಗಳನ್ನು. ಹೆಚ್ಚು ದಳದ ಗಿಡವನ್ನೇ ಆಯ್ದು ತಲೆತಲಾಂತರ ಬೆಳೆಸಿದಂತೆ ಅನೇಕ ಜಾತಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟವು. ಸುತ್ತು ದಳದ ಹೂವು ನೋಟಕ್ಕೆ ತುಂಬು ಹೂವಾದರೂ ಪರಾಗದ ದೃಷ್ಟಿಯಿಂದ ಬಡ ಹೂವು. ದುಂಡುಮಲ್ಲಿಗೆ ನಮ್ಮಲ್ಲಿ ಬೀಜ ಕಟ್ಟುವುದು ತೀರ ಅಪರೂಪ. ಹಿತ್ತಲ ಕೆಂಪು ದಾಸವಾಳವೂ ಸಾಮಾನ್ಯವಾಗಿ ಕಾಯಿ ಬಿಡುವುದಿಲ್ಲ. ಸೇವಂತಿಗೆ ತನ್ನದೇ ಪರಾಗವನ್ನು ಒಲ್ಲದ ಜಾತಿ. ಬೇರೆ ಗಿಡದ ಪರಾಗದಿಂದ ಬೀಜ ಕಟ್ಟಿದರೂ ಅದರಿಂದ ಹುಟ್ಟುವ ಗಿಡ ತಾಯಿಯಂತಿರುವುದಿಲ್ಲ. ಆದ್ದರಿಂದಲೇ ಬುಡದ ಮರಿಗಳನ್ನು ಕಿತ್ತು ನೆಡುವ ರೂಢಿ ಬಂದಿದೆ. ಹೀಗೆ ಜನಪದ ವರ್ಗೀಕರಣವೂ ಸಸ್ಯಶಾಸ್ತ್ರದ ನಿರ್ಣಯವೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಇಲ್ಲಿ ಒಂದು ಐತಿಹಾಸಿಕ ಸಂಗತಿ ಗಮನಾರ್ಹ. ಇಂದು ನಮ್ಮ ಹಬ್ಬಗಳಿಗೆ ಅನಿವಾರ್ಯವೆನಿಸಿರುವ ಚೆಂಡುಹೂ ಮೆಕ್ಸಿಕೋ ಪ್ರದೇಶದ್ದು. ಗುಲಬಾಕ್ಷಿಯೂ ಅಮೆರಿಕ ಖಂಡದ್ದೇ. ಯುರೋಪಿಯನ್ನರ ಸಮುದ್ರಯಾನಗಳ ನಂತರ, ಎಂದರೆ ಹದಿನಾರನೆಯ ಶತಮಾನದಿಂದೀಚೆಗೆ, ಇವು ಭಾರತಕ್ಕೆ ಬಂದವು. ಮಾನ್ಯಖೇಟದ ಅರಸರು ಚೆಂಡುಹೂವಿನ ತೋರಣವನ್ನು ಕಂಡಿರಲು ಸಾಧ್ಯವಿಲ್ಲ. ಹೊರಗಿನ ಹೂವೊಂದು ಕೆಲವೇ ಶತಮಾನಗಳಲ್ಲಿ ದಸರಾ, ದೀಪಾವಳಿಗಳ ಒಳಗಿನದಾಗಲು ಮುಖ್ಯ ಕಾರಣ ಅದರ ಬೀಜ. ಸೆರಗಿನ ಗಂಟಿನಲ್ಲಿ ತವರಿನಿಂದ ಗಂಡನ ಮನೆಗೆ, ಒಂದು ಅಂಗಳದಿಂದ ಮತ್ತೊಂದಕ್ಕೆ ಖರ್ಚಿಲ್ಲದೆ ಸಾಗಬಲ್ಲ ಹೂವು ಬೇಗ ಜನರದಾಗುತ್ತದೆ. ಜನಪದವು ಹೂವನ್ನು ತನ್ನದಾಗಿಸಿಕೊಳ್ಳುವುದು ಬೀಜ ಕೈಗೆ ಬಂದಾಗಲೇ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಚೆಂಡುಹೂ: ಒಂದು ಹೂವಲ್ಲ, ಒಂದು ಊರು

ನಾವು ಒಂದು ಹೂವೆಂದು ಕರೆಯುವ ಚೆಂಡುಹೂ ವಾಸ್ತವದಲ್ಲಿ ಅನೇಕ ಕಿರುಹೂಗಳು ಒಂದೇ ಪೀಠದ ಮೇಲೆ ಕುಳಿತ ಗೊಂಚಲು. ಅಂಚಿನಲ್ಲಿ ನಾಲಗೆಯಂತೆ ಚಾಚಿದ ಪ್ರತಿಯೊಂದು ದಳವೂ ಒಂದು ಹೆಣ್ಣುಹೂ. ನಡುವಿನ ಸಣ್ಣ ಕೊಳವೆಗಳು ದ್ವಿಲಿಂಗಿ ಹೂಗಳು, ಪರಾಗವಿರುವುದು ಇವುಗಳಲ್ಲಿಯೇ. ಕೊಳವೆಹೂವಿನಲ್ಲಿ ಮೊದಲು ಪರಾಗ ಹೊರಬರುತ್ತದೆ, ಆಮೇಲೆ ಶಲಾಕಾಗ್ರ ಕವಲೊಡೆದು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತದೆ. ಗಂಡಿನ ಕಾಲ ಮತ್ತು ಹೆಣ್ಣಿನ ಕಾಲ ಹೀಗೆ ಬೇರೆಯಾಗಿರುವುದರಿಂದ ಜೇನುಹುಳು, ಚಿಟ್ಟೆ, ನೊಣಗಳ ಮೂಲಕ ಪರಕೀಯ ಪರಾಗಸ್ಪರ್ಶಕ್ಕೆ ಹೆಚ್ಚು ಅವಕಾಶ ದೊರೆಯುತ್ತದೆ. ಹಳದಿಯ ಪಕ್ಕ ಕೇಸರಿ ಬಣ್ಣದ ಗಿಡವಿದ್ದರೆ ಮರುವರ್ಷ ನಡುಬಣ್ಣದ ಹೂಗಳು ಕಾಣುವುದು ಇದರಿಂದಲೇ.

ನಾಡ ಚೆಂಡುಹೂವಿನ ತೆನೆಯಲ್ಲಿ ನಡುಗೊಳವೆಗಳು ಸಾಕಷ್ಟು ಇರುತ್ತವೆ. ಹೂವು ಚಿಕ್ಕದು, ನೋಟಕ್ಕೆ ಸಾಧಾರಣ. ಆದರೆ ಬೀಜ ಗಟ್ಟಿ. ದಳ ಒತ್ತಾದ ದೊಡ್ಡ ಹೂವಿನಲ್ಲಿ ಕೊಳವೆಗಳೆಲ್ಲ ದಳಗಳಾಗಿರುತ್ತವೆ. ಒಣಗಿದ ಮೇಲೆ ಉಜ್ಜಿದರೆ ಕೈಗೆ ಬರುವುದು ಬಹುಪಾಲು ಜೊಳ್ಳು. ಗಟ್ಟಿ ಬೀಜ ಕರ್ರಗೆ, ಮುಟ್ಟಿದರೆ ಚುಚ್ಚುವಂತೆ ಇರುತ್ತದೆ. ಜೊಳ್ಳು ಬಿಳಿಚಿಕೊಂಡು ಬೆರಳಿನಲ್ಲಿ ಬಾಗುತ್ತದೆ. ಜೋಳವನ್ನು ತೂರಿ ಗಟ್ಟಿ ಜೊಳ್ಳು ಬೇರ್ಪಡಿಸುವ ಕೈಗೆ ಈ ಪರೀಕ್ಷೆ ಹೊಸದೇನಲ್ಲ.

ಮಹಾನವಮಿ, ದೀಪಾವಳಿಗಳಿಗೆ ಬಾಗಿಲಿಗೆ ಕಟ್ಟಿದ ಚೆಂಡುಹೂವಿನ ತೋರಣವನ್ನು ಒಣಗಿದ ಮೇಲೂ ಬಿಸಾಡದೆ ಉಳಿಸಿ, ಮುಂಗಾರಿನಲ್ಲಿ ಉಜ್ಜಿ ಅಂಗಳಕ್ಕೆ ಎರಚುವ ರೂಢಿ ಹಲವು ಮನೆಗಳಲ್ಲಿದೆ. ಈ ಕ್ರಮಕ್ಕೆ ಆಚರಣೆಯ ಸೊಗಸಿದೆಯಾದರೂ ಅದರ ಮಿತಿಯನ್ನೂ ತಿಳಿಯಬೇಕು. ಪರಾಗಸ್ಪರ್ಶವಾದ ಮೇಲೆ ಬೀಜ ಬಲಿಯಲು ವಾರಗಳೇ ಬೇಕು. ಮಾಲೆಗೆ ಹೂ ಕೀಳುವುದು ಅದು ತುಂಬಿ ಅರಳಿದಾಗ, ಎಂದರೆ ಬೀಜ ಬಲಿಯುವುದಕ್ಕೆ ಬಹಳ ಮೊದಲು. ಆದ್ದರಿಂದ ತೋರಣದ ಹೂಗಳಲ್ಲಿ, ಗಿಡದಲ್ಲಿ ಹೆಚ್ಚು ದಿನ ನಿಂತು ಬಂದ ಕೆಲವೇ ಹೂಗಳ ಹೊರಸುತ್ತಿನ ಬೀಜ ಮೊಳೆಯುತ್ತದೆ. ಅನುಭವಸ್ಥರು ತೋರಣವನ್ನು ಮಾತ್ರ ನಂಬುವುದಿಲ್ಲ. ಒಳ್ಳೆಯ ಗಿಡಗಳ ಮೊದಲ ಹೂಗಳಲ್ಲಿ ಕೆಲವನ್ನು 'ಬೀಜಕ್ಕೆ ಬಿಟ್ಟದ್ದು' ಎಂದು ಗುರುತಿಸುತ್ತಾರೆ. ಹಾಗೆ ಬಿಟ್ಟ ಹೂವು ಹಬ್ಬದ ದಿನವೂ ಗಿಡದಲ್ಲಿಯೇ ಉಳಿಯುತ್ತದೆ. ತೊಟ್ಟು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಅರಿವೆಯ ಗಂಟಿನಲ್ಲಿಡುತ್ತಾರೆ. ಬೂದಿಯು ತೇವವನ್ನು ಹೀರಿ ಹುಳುವನ್ನು ದೂರವಿಡುತ್ತದೆ.

ಹಬ್ಬವು ಹೂವನ್ನು ಕೇಳುತ್ತದೆ, ಮುಂದಿನ ಹಬ್ಬವು ಬೀಜವನ್ನು ಕೇಳುತ್ತದೆ. ಈ ಎರಡು ಬೇಡಿಕೆಗಳ ನಡುವಿನ ಹೊಂದಾಣಿಕೆಯೇ ಬೀಜರಕ್ಷಣೆಯ ತಿರುಳು. ಎ.ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ, 1992ರಲ್ಲಿ ಗಿರೀಶ ಕಾರ್ನಾಡರ 'ಚೆಲುವಿ' ಚಿತ್ರಕ್ಕೆ ಆಧಾರವಾದ ಹೂವಿನ ಮರವಾಗುವ ಹುಡುಗಿಯ ಕಥೆಯಲ್ಲಿ, ಟೊಂಗೆ ಎಲೆಗಳಿಗೆ ನೋವಾಗದಂತೆ ಹೂ ಕೀಳಬೇಕೆಂಬ ಕಟ್ಟಳೆಯಿದೆ. ಅದನ್ನು ಮೀರಿದಾಗ ಹುಡುಗಿ ಊನಗೊಳ್ಳುತ್ತಾಳೆ. ಕೀಳುವುದಕ್ಕೊಂದು ಮಿತಿಯಿದೆ ಎಂಬ ಆ ಕಥೆಯ ವಿವೇಕವೇ ಹಿತ್ತಲಿನಲ್ಲಿ 'ಬೀಜಕ್ಕೆ ಬಿಡುವ' ಕ್ರಮವಾಗಿ ಕಾಣಿಸಿಕೊಂಡಿದೆ ಎನ್ನಬಹುದು.

ಗುಲಬಾಕ್ಷಿ ಮತ್ತು ಕರ್ಣಕುಂಡಲ

ಗುಲಬಾಕ್ಷಿ ಸಂಜೆ ನಾಲ್ಕರ ನಂತರ ಅರಳುತ್ತದೆ. ಜೇನುಹುಳುಗಳು ಗೂಡು ಸೇರುವ ಹೊತ್ತಿಗೆ ಪರಿಮಳ ಬೀರುತ್ತದೆ. ಉದ್ದ ಕೊಳವೆಯ ತಳದಲ್ಲಿರುವ ಮಕರಂದವನ್ನು ಉದ್ದ ನಾಲಗೆಯ ಇರುಳು ಪತಂಗಗಳು ಹೀರುತ್ತವೆ. ಪತಂಗ ಬಾರದಿದ್ದರೂ ಗಿಡ ಬಂಜೆಯಾಗುವುದಿಲ್ಲ. ಹೂವು ಮುದುಡುವಾಗ ಕೇಸರಗಳೂ ಶಲಾಕೆಯೂ ಒಟ್ಟಿಗೆ ಸುರುಳಿ ಸುತ್ತಿಕೊಂಡು ಪರಾಗವು ಶಲಾಕಾಗ್ರಕ್ಕೆ ತಗಲುತ್ತದೆ. ಮೊದಲು ಪರಕೀಯಕ್ಕೆ ಅವಕಾಶ, ಕೊನೆಗೆ ಸ್ವಕೀಯದ ಭರವಸೆ; ಪರಸಿಯ ಸಂದಿನಲ್ಲಿ ಈ ಗಿಡ ವರ್ಷವೂ ತಪ್ಪದೆ ಹುಟ್ಟುವುದರ ಗುಟ್ಟು ಇದು. ಒಂದು ಹೂವಿಗೆ ಒಂದೇ ಬೀಜ, ಮೆಣಸಿನ ಕಾಳಿನಂತೆ ಕಪ್ಪು. ಕೆಂಪು ಮತ್ತು ಬಿಳಿಯ ಶುದ್ಧ ಗಿಡಗಳು ಕೂಡಿದರೆ ಗುಲಾಬಿ ಬಣ್ಣದ ಹೂವು ಹುಟ್ಟುವುದನ್ನು ಜರ್ಮನಿಯ ಕಾರ್ಲ್ ಕೊರೆನ್ಸ್ ಇದೇ ಗಿಡದಲ್ಲಿ ತೋರಿಸಿಕೊಟ್ಟನು. ಎಲೆಯ ಮಚ್ಚೆ ಬಣ್ಣವು ತಾಯಿಗಿಡದ ಮೂಲಕವೇ ಬರುತ್ತದೆ ಎಂಬ ಅವನ 1909ರ ಶೋಧವೂ ಗುಲಬಾಕ್ಷಿಯಿಂದಲೇ ಬಂದದ್ದು. ಅನುವಂಶಿಕ ವಿಜ್ಞಾನದ ಪಾಠವಾದ ಈ ಗಿಡ ನಮ್ಮ ಬಚ್ಚಲ ಬದಿಯಲ್ಲಿ ಅದೇ ಪ್ರಯೋಗವನ್ನು ತಾನಾಗಿ ನಡೆಸುತ್ತ ಬಂದಿದೆ.

ಕರ್ಣಕುಂಡಲದಲ್ಲಿ ಪರಾಗಕೋಶಗಳು ಟೊಪ್ಪಿಗೆಯಂತೆ ಶಲಾಕಾಗ್ರವನ್ನು ಮುಚ್ಚಿರುತ್ತವೆ. ಟೊಪ್ಪಿಗೆ ಕಳಚಿದ ಮೇಲಷ್ಟೇ ಹೆಣ್ಣುಭಾಗ ತೆರೆದುಕೊಳ್ಳುತ್ತದೆ. ಬಲಿತ ಕಾಯಿ ಮುಟ್ಟಿದೊಡನೆ ಸಿಡಿದು ಬೀಜವನ್ನು ಚೆಲ್ಲುತ್ತದೆ. ಮಕ್ಕಳಿಗೆ ಇದು ಆಟ. ಬೀಜ ಕೂಡಿಡುವವರಿಗೆ ಮಾತ್ರ ಕಾಯಿ ಹಳದಿಗೆ ತಿರುಗುವ ಹೊತ್ತನ್ನು ಕಾಯ್ದು, ಸಿಡಿಯುವ ಮೊದಲೇ ಅಂಗೈಯಲ್ಲಿ ಹಿಡಿಯಬೇಕಾದ ಕೆಲಸ. ಯಾವ ಕಾಯಿ ಇಂದು ಸಿಡಿಯುತ್ತದೆ ಎಂಬುದನ್ನು ಆಟದಲ್ಲಿ ಕಲಿತ ಮಗುವೇ ಮುಂದೆ ಬೀಜ ಹಿಡಿಯುವ ಕೈಯಾಗುತ್ತದೆ.

ತಂಗಡಿ, ಅಣ್ಣೆ ಮತ್ತು ಗಡಿಯ ಹಬ್ಬ

ಹಿತ್ತಲಿನಾಚೆ ಹೊಲ, ಬೇಲಿಗಳಲ್ಲಿಯೂ ಹಬ್ಬದ ಹೂಗಳಿವೆ. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ಸೇಡಂ, ಚಿಂಚೋಳಿಗಳಿಗೆ ನೆರೆಯಾದ ಆ ಭಾಗದಲ್ಲಿ ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ನಡೆಯುವ ಬತುಕಮ್ಮ ಪೂರ್ತಿಯಾಗಿ ಹೂವಿನ ಹಬ್ಬ. ತಟ್ಟೆಯಲ್ಲಿ ಹೂಗಳನ್ನು ಸುತ್ತುಸುತ್ತಾಗಿ ಗೋಪುರದಂತೆ ಜೋಡಿಸಿ, ಅದರ ಸುತ್ತ ಹಾಡಿ ಕುಣಿದು, ಕೊನೆಗೆ ಕೆರೆ ಹೊಳೆಗಳಲ್ಲಿ ಬಿಡುತ್ತಾರೆ. ಅದರ ಮುಖ್ಯ ಹೂಗಳು ತೆಲುಗಿನಲ್ಲಿ ತಂಗೇಡು ಎನ್ನುವ ನಮ್ಮ ತಂಗಡಿ ಮತ್ತು ಗುನುಗು ಎನ್ನುವ ನಮ್ಮ ಅಣ್ಣೆ. ಚಿಂಚೋಳಿ ಭಾಗದ ತಾಂಡಾಗಳಲ್ಲಿಯೂ ದೀಪಾವಳಿಯಲ್ಲಿ ಕನ್ಯೆಯರು ಗುಂಪಾಗಿ ಹೊಲ, ಕಾಡುಗಳಿಗೆ ಹೋಗಿ ಹೂ ತರುವ ಪದ್ಧತಿ ಲಂಬಾಣಿ ಸಂಸ್ಕೃತಿಯ ಪ್ರಸಿದ್ಧ ಭಾಗ.

ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ. ಪರಾಗವೇ ಅದು ನೀಡುವ ಕೂಲಿ. ಆ ಪರಾಗವೂ ಪರಾಗಕೋಶದ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬರಬೇಕು. ಕರಿಯ ಬಡಗಿ ದುಂಬಿ ಹೂವನ್ನು ಅಪ್ಪಿ, ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಕಂಪಿಸಿದಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರುವಂತೆ ಪರಾಗ ಉದುರುತ್ತದೆ. ಜೇನುಹುಳುಗಳಿಗೆ ಈ ವಿದ್ಯೆಯಿಲ್ಲ. ಒಣಮರಗಳಲ್ಲಿ ತೂತು ಕೊರೆದು ಬಾಳುವ ಈ ದುಂಬಿಯಿಲ್ಲದೆ ತಂಗಡಿಯ ಕಾಯಿ ತುಂಬುವುದು ಕಷ್ಟ. ಹಬ್ಬದ ಹೂವು ಒಂದು ಒಣ ತೊಲೆಯನ್ನೂ ಅವಲಂಬಿಸಿದೆ ಎಂದಾಯಿತು.

ಅಣ್ಣೆಯ ಕ್ರಮ ಬೇರೆ. ಅದರ ತೆನೆ ಬುಡದಿಂದ ತುದಿಗೆ ಅರಳುತ್ತ ಹೋಗುತ್ತದೆ. ತುದಿಯಲ್ಲಿ ಹೂವಿರುವಾಗಲೇ ಬುಡದಲ್ಲಿ ನುಣುಪಾದ ಕರಿಯ ಬೀಜ ಬಲಿತಿರಬಹುದು. ಆದ್ದರಿಂದ ಅಣ್ಣೆಯನ್ನು ಕಿತ್ತು ಹಬ್ಬಕ್ಕೆ ತಂದರೂ ಬೀಜ ನಷ್ಟವಾಗುವುದಿಲ್ಲ. ದಾರಿಯಲ್ಲಿ, ಅಂಗಳದಲ್ಲಿ, ಕೆರೆಯಂಚಿನಲ್ಲಿ ಉದುರುತ್ತದೆ. ಚೆಂಡುಹೂವಿನಲ್ಲಿ ಹಬ್ಬವು ಬೀಜಕ್ಕೆ ಎದುರಾದರೆ ಇಲ್ಲಿ ಹಬ್ಬವೇ ಬೀಜ ಹರಡುವ ಕೆಲಸ ಮಾಡುತ್ತದೆ. ಆದರೆ ಅಣ್ಣೆ ಹೊಲದ ಕಳೆ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅದಕ್ಕೆ ಜಾಗವಿಲ್ಲ.

ಬೀಜವು ಅಂಗಡಿಗೆ ಹೋದ ಬಗೆ

ಹೂವಿನ ಬೀಜೋತ್ಪಾದನೆ ಉದ್ಯಮವಾಗಿ ಬೆಳೆಯುವಲ್ಲಿ ಕರ್ನಾಟಕದ ಪಾತ್ರ ಹಿರಿದು. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರಘಟ್ಟದಲ್ಲಿರುವ, 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೂಗಳಲ್ಲಿ ಅನೇಕ ತಳಿಗಳನ್ನು ನೀಡಿದೆ. ಸಂಕರ ಬೀಜಕ್ಕಾಗಿ ಪೆಟೂನಿಯಾದಂತಹ ಹೂಗಳಲ್ಲಿ ಮೊಗ್ಗು ಬಿರಿಯುವ ಮೊದಲೇ ಕೇಸರಗಳನ್ನು ಚಿಮುಟದಿಂದ ತೆಗೆದು, ಆಯ್ದ ಗಂಡುಸಾಲಿನ ಪರಾಗವನ್ನು ಕೈಯಿಂದ ಲೇಪಿಸಬೇಕು. ದುಂಬಿಯ ಕೆಲಸವನ್ನು ಇಲ್ಲಿ ಮನುಷ್ಯರು, ಬಹುಮಟ್ಟಿಗೆ ಹೆಣ್ಣುಮಕ್ಕಳು, ಮಾಡುತ್ತಾರೆ.

ಹೀಗೆ ಪಡೆದ ಮೊದಲ ಪೀಳಿಗೆಯ ಗಿಡಗಳು ಒಂದೇ ಎತ್ತರ, ಒಂದೇ ಬಣ್ಣ, ತುಂಬು ಹೂವು ಕೊಡುತ್ತವೆ. ಹೂ ಬೆಳೆಗಾರನಿಗೆ ಇದರಿಂದ ಲಾಭವಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವುಗಳ ಬೀಜವನ್ನು ಮರಳಿ ಬಿತ್ತಿದರೆ ಎರಡೂ ಪೂರ್ವಜರ ಗುಣಗಳು ಒಡೆದು, ಗಿಡಗಳು ಬಗೆಬಗೆಯಾಗಿ ಬರುತ್ತವೆ. ಇನ್ನು ಕೆಲವು ತಳಿಗಳಲ್ಲಿ ಪರಾಗವೇ ಇಲ್ಲ. ಹೆಸರಘಟ್ಟದ ಅರ್ಕಾ ಬಂಗಾರ ಎಂಬ ಚೆಂಡುಹೂವಿನ ತಳಿ ಇಂಥದು. ಅದನ್ನು ಟೊಂಗೆಯಿಂದ ಬೆಳೆಸಬೇಕು. ಆಫ್ರಿಕನ್ ಎಂದು ಕರೆಯುವ ದೊಡ್ಡ ಚೆಂಡುಹೂವಿನಲ್ಲಿ 24, ಫ್ರೆಂಚ್ ಎಂದು ಕರೆಯುವ ಚಿಕ್ಕದರಲ್ಲಿ 48 ವರ್ಣತಂತುಗಳಿವೆ. ಇವೆರಡರ ಸಂಕರದಲ್ಲಿ 36 ಇದ್ದು ಅದು ಬೀಜ ಕಟ್ಟುವುದಿಲ್ಲ. ಬೀಜದ ಹೊರೆಯಿಲ್ಲದ್ದರಿಂದಲೇ ಅದು ದೀರ್ಘಕಾಲ ಹೂ ಬಿಡುತ್ತದೆ.

ಇದರ ಪರಿಣಾಮ ಜನಪದ ವರ್ಗೀಕರಣದ ಮೇಲೂ ಆಗಿದೆ. 'ಬೀಜದ ಹೂ' ಆಗಿದ್ದ ಚೆಂಡುಹೂ ಈಗ ಪೊಟ್ಟಣದ ಹೂವಾಗುತ್ತಿದೆ. ಪೇಟೆಯ ಮಾಲೆಯನ್ನು ಒಣಗಿಸಿ ಉಜ್ಜಿದರೆ ಜೊಳ್ಳೇ ಹೆಚ್ಚು; ಮೊಳೆತರೂ ನಿರೀಕ್ಷಿಸಿದ ಹೂವು ಬರುವುದಿಲ್ಲ. ಇದನ್ನು ಕಂಡವರು 'ಈಗಿನ ಹೂವಿನ ಬೀಜ ಹುಟ್ಟುವುದಿಲ್ಲ' ಎಂದು ನಿರ್ಣಯಿಸಿ ಬೀಜ ಕೂಡಿಡುವುದನ್ನೇ ಬಿಡುತ್ತಾರೆ. ದೋಷವಿರುವುದು ಬೀಜ ಹಿಡಿಯುವ ವಿದ್ಯೆಯಲ್ಲಲ್ಲ, ತಳಿಯ ಸ್ವಭಾವದಲ್ಲಿ. ಈ ವ್ಯತ್ಯಾಸವನ್ನು ಯಾರೂ ವಿವರಿಸದಿರುವುದರಿಂದ ನಾಡ ತಳಿಯ ಬೀಜ ಇದ್ದವರೂ ಅದನ್ನು ಕೈಬಿಡುತ್ತಿದ್ದಾರೆ. ತೋರಣ ಉಳಿದಿದೆ, ತೋರಣದ ಹಿಂದಿನ ತಿಳಿವಳಿಕೆ ಕಳಚಿಕೊಳ್ಳುತ್ತಿದೆ.

ನೆಲ ಮತ್ತು ಧೂಳು

ಈ ಸೀಮೆಗೆ ವಿಶೇಷವಾದ ಮತ್ತೆರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು, ಸಂದು ಬಿಟ್ಟು ಹಾಸಿದ ಪರಸಿಯ ಜಾಗದಲ್ಲಿ ಸಂದಿಲ್ಲದ ಕಾಂಕ್ರೀಟು ಬಂದಿರುವುದು. ಉದುರಿದ ಬೀಜಕ್ಕೆ ಮಣ್ಣು ಸಿಗದಿದ್ದರೆ ತಾನಾಗಿ ಹುಟ್ಟುವ ಗಿಡಗಳ ಪರಂಪರೆ ಒಂದೇ ವರ್ಷದಲ್ಲಿ ನಿಲ್ಲುತ್ತದೆ. ಎರಡನೆಯದು ಧೂಳು. ಸಿಮೆಂಟ್ ಧೂಳು ಕ್ಷಾರಗುಣದ್ದು. ತೇವ ತಗಲಿದರೆ ಎಲೆಯ ಮೇಲೆ ಪದರವಾಗಿ ಗಟ್ಟಿಯಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಚೆರ್ರಿ ತೋಟಗಳನ್ನು ಪರಿಶೀಲಿಸಿದ ಆ್ಯಂಡರ್ಸನ್ ಎಂಬ ವಿಜ್ಞಾನಿ, ಶಲಾಕಾಗ್ರದ ಮೇಲೆ ಕುಳಿತ ಸಿಮೆಂಟ್ ಧೂಳು ಪರಾಗ ಮೊಳೆಯುವುದನ್ನು ತಡೆದು ಕಾಯಿ ಕಟ್ಟುವುದನ್ನು ಕುಗ್ಗಿಸುತ್ತದೆ ಎಂದು 1914ರಲ್ಲಿಯೇ ಪ್ರಕಟಿಸಿದನು. ಕಾರ್ಖಾನೆ, ಗಣಿ, ಲಾರಿ ರಸ್ತೆಗಳ ಬದಿಯ ನಮ್ಮ ಹಿತ್ತಲುಗಳಲ್ಲಿ ಹೂವು ಬೀಜ ಕಟ್ಟುವ ಪ್ರಮಾಣವನ್ನು ಅಳೆದು ನೋಡುವುದು ಸಸ್ಯವಿಜ್ಞಾನಿಗಳೂ ಜಾನಪದ ವಿದ್ವಾಂಸರೂ ಕೂಡಿ ಮಾಡಬೇಕಾದ ಕೆಲಸ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹಿತ್ತಲ ಹೂಗಳ ಜನಪದ ವರ್ಗೀಕರಣವು ಪರಾಗಸ್ಪರ್ಶದ ವಾಸ್ತವವನ್ನು ಆಧರಿಸಿದೆ. ಬೀಜಕ್ಕೆ ಬಿಡುವುದು, ಬಲಿತ ಹೊತ್ತನ್ನು ಗುರುತಿಸುವುದು, ಗಟ್ಟಿ ಜೊಳ್ಳು ಬೇರ್ಪಡಿಸುವುದು ಇವು ಬೀಜವಿಜ್ಞಾನವೂ ಒಪ್ಪುವ ಕ್ರಮಗಳು. ಸಂಕರ ತಳಿಗಳು ಹೂವನ್ನು ಹೆಚ್ಚಿಸಿವೆ, ಬೀಜವನ್ನು ಮನೆಯಿಂದ ಹೊರಗೆ ಸಾಗಿಸಿವೆ. ಇವೆರಡೂ ಒಟ್ಟಿಗೆ ಇರಬಾರದೆಂದೇನೂ ಇಲ್ಲ. ಪೇಟೆಗೆ ಬೆಳೆಯುವವನು ಸಂಕರ ತಳಿಯನ್ನು ಬೆಳೆಯಲಿ. ಹಿತ್ತಲಿನಲ್ಲಿ ನಾಡ ಚೆಂಡುಹೂವಿನ ಹತ್ತಾರು ಗಿಡಗಳು ದೂರದಲ್ಲಿ, ಬೇರೆಯಾಗಿ ಉಳಿಯಲಿ. ಒಂದೇ ಗಿಡದ ಬೀಜಕ್ಕಿಂತ ಹಲವು ಗಿಡಗಳ ಬೀಜವನ್ನು ಬೆರೆಸಿಡುವುದು ತಳಿಯ ಕಸುವಿಗೆ ಹಿತ. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001, ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತರಿಗೆ ಮಾನ್ಯ ಮಾಡಿದೆ. ಆದರೆ ಹಕ್ಕನ್ನು ಬಳಸಲು ಬೀಜ ಕೈಯಲ್ಲಿರಬೇಕು.

ಹಬ್ಬದ ಹಾಡುಗಳನ್ನು ಧ್ವನಿಮುದ್ರಿಸುವಾಗ ಹಾಡಿದವರ ಹೆಸರು, ಊರು, ಸಂದರ್ಭಗಳನ್ನು ದಾಖಲಿಸುವ ಶಿಸ್ತು ನಮ್ಮಲ್ಲಿ ಬೆಳೆದಿದೆ. ಅದೇ ಪುಟದಲ್ಲಿ ಆ ದಿನ ಮುಡಿದ ಹೂವು ಯಾವುದು, ಅದರ ಬೀಜ ಯಾರ ಮನೆಯದು, ಯಾವ ವರ್ಷದಿಂದ ಇದೆ ಎಂಬ ಮೂರು ಸಾಲುಗಳನ್ನೂ ಸೇರಿಸಬೇಕು. ಸಾಧ್ಯವಾದಲ್ಲಿ ಒಂದು ಹಿಡಿ ಬೀಜವನ್ನು ಪಡೆದು ಊರ ಶಾಲೆಯ ಅಂಗಳದಲ್ಲಿ ಬಿತ್ತಿಸಬೇಕು. ಧ್ವನಿಸುರುಳಿಯಲ್ಲಿ ಹಾಡು ಎಷ್ಟೋ ವರ್ಷ ಉಳಿದೀತು. ಚೆಂಡುಹೂವಿನ ಬೀಜ ಒಂದೆರಡು ಮಳೆಗಾಲ ಕಳೆದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದನ್ನು ಉಳಿಸಲು ಇರುವ ದಾರಿ ವರ್ಷವರ್ಷವೂ ಬಿತ್ತುವುದೊಂದೇ.